ಶ್ಯಾಪ್ ಲೈಬ್ರರಿ: ಪಿಎಚ್‌ಡಿ ಪ್ರಬಂಧದ ಭಾರ ಹೊರುತ್ತದೆಯೇ?

ವಿಶ್ವಾಸಾರ್ಹ ಎಐ ವಿಷಯ ಹಿಡಿದು ಪಿಎಚ್‌ಡಿಗೆ ಕೂತವರು, ಮಾಡೆಲ್ ಒಂದು ಉತ್ತರ ಯಾಕೆ ಕೊಟ್ಟಿತು ಎಂದು ವಿವರಿಸುವ ಪೈಥಾನ್ ತಂತ್ರಾಂಶ ಶ್ಯಾಪ್ (SHAP) ಲೈಬ್ರರಿಯನ್ನು ಮುಟ್ಟದೆ ಮುಗಿಸುವುದು ಕಷ್ಟ. ಮುಟ್ಟದಿದ್ದರೂ ‘ಯಾಕೆ ಬಳಸಲಿಲ್ಲ’ ಎಂದು ವೈವಾದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಈ ತಂತ್ರಾಂಶ ಹುಟ್ಟಿದ್ದೂ ಒಂದು ಪಿಎಚ್‌ಡಿಯ ಹೊಟ್ಟೆಯಲ್ಲೇ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಸು-ಇನ್ ಲೀ ಅವರ ಮಾರ್ಗದರ್ಶನದಲ್ಲಿ ಸ್ಕಾಟ್ ಲುಂಡ್‌ಬರ್ಗ್ ಇದನ್ನು ಬರೆದರು. ಅದರ ಮೂಲ ಪ್ರಬಂಧ ಬಂದದ್ದು 2017ರಲ್ಲಿ. ಅದಕ್ಕೆ ಒಂದು ವರ್ಷ ಮುಂಚೆ ಬಂದ, ಇಂಥದೇ ವಿವರಣೆ ಕೊಡುವ ಲೈಮ್ (LIME) ಕೂಡ ಅದೇ ವಿಶ್ವವಿದ್ಯಾಲಯದ ಕೂಸು. ಶ್ಯಾಪ್‌ಗೆ ಎಂಐಟಿ ಲೈಸೆನ್ಸ್ ಇದೆ, ದುಡ್ಡು ಕೊಡಬೇಕಾಗಿಲ್ಲ. ಆದರೆ ಪುಕ್ಕಟೆ ಸಿಕ್ಕಿದ್ದಕ್ಕೆ ಸಮಯದ ಲೆಕ್ಕದಲ್ಲಿ ಬೆಲೆ ತೆರಬೇಕಾಗುತ್ತದೆ. ಎಷ್ಟು, ಎಲ್ಲೆಲ್ಲಿ ಎಂಬುದು ಈ ವಿಮರ್ಶೆಯ ವಿಷಯ.

ಶ್ಯಾಪ್ ಮಾಡುವ ಕೆಲಸ ಇಷ್ಟು. ಸಾಲ ಮರುಪಾವತಿಯ ಮಾಡೆಲ್ ಒಬ್ಬ ಅರ್ಜಿದಾರರಿಗೆ 80 ಅಂಕ ಕೊಟ್ಟಿತು, ಎಲ್ಲರ ಸರಾಸರಿ 20 ಎಂದಿಟ್ಟುಕೊಳ್ಳಿ. ನಡುವಿನ 60 ಅಂಕವನ್ನು ಸಂಬಳ, ವಯಸ್ಸು, ಹಳೆಯ ಬಾಕಿ ಹೀಗೆ ಒಂದೊಂದು ಫೀಚರ್‌ಗೂ ಅದು ಹಂಚುತ್ತದೆ. ಹಂಚುವ ನಿಯಮ ಲಾಯ್ಡ್ ಶ್ಯಾಪ್ಲಿ 1953ರಲ್ಲಿ ಆಟಗಾರರ ಕೂಟದ ಗಳಿಕೆ ಹಂಚಲು ರೂಪಿಸಿದ್ದು. ಪಾಲುಗಳನ್ನೆಲ್ಲ ಕೂಡಿ ಸರಾಸರಿಗೆ ಸೇರಿಸಿದರೆ ಮಾಡೆಲ್ ಕೊಟ್ಟ ಅಂಕವೇ ಬರಬೇಕು. ತೊಡಕು ಎಣಿಕೆಯಲ್ಲಿದೆ: 20 ಫೀಚರ್ ಇದ್ದರೆ ನೋಡಬೇಕಾದ ಕೂಟಗಳು, ಅಂದರೆ ಫೀಚರ್‌ಗಳ ಗುಂಪುಗಳು, 10,48,576. ಇದನ್ನು ಯಾವ ಅಡ್ಡದಾರಿಯಲ್ಲಿ ಲೆಕ್ಕ ಹಾಕುತ್ತೀರಿ ಎನ್ನುವುದರ ಮೇಲೆ ಲೈಬ್ರರಿಯ ಗುಣವೂ ಅವಗುಣವೂ ನಿಂತಿವೆ.

ಎಕ್ಸ್‌ಜಿಬೂಸ್ಟ್, ಲೈಟ್‌ಜಿಬಿಎಂ, ರಾಂಡಮ್ ಫಾರೆಸ್ಟ್ ತರಹದ ಮರದ ಮಾಡೆಲ್‌ಗಳಿಗೆ (ಪ್ರಶ್ನೆಯಿಂದ ಪ್ರಶ್ನೆಗೆ ಕವಲೊಡೆದು ತೀರ್ಮಾನಕ್ಕೆ ಬರುವಂಥವು) ಟ್ರೀಎಕ್ಸ್‌ಪ್ಲೇನರ್ ಇದೆ, ಇಡೀ ಲೈಬ್ರರಿಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಭಾಗ ಇದೇ. ಇಲ್ಲಿ ಅಂದಾಜಿಲ್ಲ, ಮರದ ರಚನೆಯನ್ನೇ ಬಳಸಿ ಪೂರ್ತಿ ಲೆಕ್ಕ ಮಾಡುತ್ತದೆ, ಕೆಲಸ ಮುಗಿಯುವುದೂ ಬೇಗ. ಬರೀ ಸಂಖ್ಯೆಗಳು ಸಾಕೆಂದರೆ ಶ್ಯಾಪ್ ಹಾಕಿಕೊಳ್ಳುವ ಅಗತ್ಯವೂ ಇಲ್ಲ: ಎಕ್ಸ್‌ಜಿಬೂಸ್ಟ್, ಲೈಟ್‌ಜಿಬಿಎಂ ಎರಡರಲ್ಲೂ ಭವಿಷ್ಯವಾಣಿಯ ಜೊತೆಗೆ ಪಾಲುಗಳನ್ನೂ ಕೊಡುವ ಸೌಲಭ್ಯ ಒಳಗೇ ಇದೆ. ನೀವು ಬರೆಯುತ್ತಿರುವ ಓಪನ್ ಸೋರ್ಸ್ ಪ್ಯಾಕೇಜ್‌ಗೆ ಒಂದು ಅವಲಂಬನೆ ಕಡಿಮೆಯಾದರೂ ಅದು ಲಾಭವೇ.

ಗಟ್ಟಿ ಭಾಗದಲ್ಲೂ ಮೂರು ಕಡೆ ಕಾಲು ಜಾರುತ್ತದೆ.

ಒಂದು, ಅಳತೆಯ ಮಾನ. ಎಕ್ಸ್‌ಜಿಬೂಸ್ಟ್ ವರ್ಗೀಕರಣದ ಮಾಡೆಲ್ ಕೊಟ್ಟರೆ ಡಿಫಾಲ್ಟ್ ಆಗಿ ಬರುವ ಪಾಲುಗಳು ಸಂಭವನೀಯತೆಯಲ್ಲಿ ಇರುವುದಿಲ್ಲ, ಲಾಗ್-ಆಡ್ಸ್‌ನಲ್ಲಿ, ಅಂದರೆ ಆಗುವ ಮತ್ತು ಆಗದಿರುವ ಸಾಧ್ಯತೆಗಳ ಅನುಪಾತದ ಲಾಗರಿದಮ್‌ನಲ್ಲಿ ಇರುತ್ತವೆ. ಮೂಲ ಬೆಲೆ ಮೈನಸ್ 1.39 ಎಂದರೆ ಶೇ 20. ಅದಕ್ಕೆ 1.39 ಕೂಡಿದರೆ ಶೇ 50, ಅಂದರೆ 30 ಅಂಶ ಏರಿತು. ಅದೇ 1.39 ಅನ್ನು ಶೇ 80ರಲ್ಲಿರುವವರಿಗೆ ಕೂಡಿದರೆ ಬರುವುದು ಸುಮಾರು ಶೇ 94, ಏರಿಕೆ 14 ಅಂಶ ಮಾತ್ರ. ಹಾಗಾಗಿ ‘ಸಂಬಳದಿಂದ ಸಾಧ್ಯತೆ ಇಷ್ಟು ಶೇಕಡಾ ಹೆಚ್ಚಿತು’ ಎಂದು ಚಿತ್ರ ನೋಡಿ ಬರೆದ ವಾಕ್ಯಗಳು ತಪ್ಪು. ಸಂಭವನೀಯತೆಯಲ್ಲೇ ಬೇಕೆಂದರೆ ಮಾಡೆಲ್_ಔಟ್‌ಪುಟ್ ಎಂಬ ಆಯ್ಕೆಯನ್ನು ಬದಲಿಸಬೇಕು. ಅದು ನಡೆಯುವುದು ಹಿನ್ನೆಲೆ ದತ್ತಾಂಶ (ಹೋಲಿಕೆಗೆ ಇಡುವ ಸಾಲುಗಳು) ಕೊಟ್ಟು, ಇಂಟರ್ವೆನ್ಷನಲ್ ವಿಧಾನ ಆರಿಸಿದಾಗ ಮಾತ್ರ.

ಎರಡು, ಆ ವಿಧಾನದ ಆಯ್ಕೆಯೇ. ಒಂದು ಫೀಚರ್ ‘ಇಲ್ಲ’ ಎಂದರೆ ಏನು? ಇಂಟರ್ವೆನ್ಷನಲ್ ವಿಧಾನ ಅದರ ಜಾಗಕ್ಕೆ ಹಿನ್ನೆಲೆಯಿಂದ ಬೇರೆ ಯಾರದೋ ಬೆಲೆಯನ್ನು ತಂದು ಕೂರಿಸುತ್ತದೆ. ಜಮೀನಿನ ಎಕರೆ ಮತ್ತು ಬೆಳೆ ಸಾಲದ ಮಿತಿ ಜೊತೆಜೊತೆಗೆ ಏರುವ ದತ್ತಾಂಶದಲ್ಲಿ, ಅರ್ಧ ಎಕರೆಗೆ ಹತ್ತು ಲಕ್ಷದ ಮಿತಿ ಇರುವ, ಲೋಕದಲ್ಲೇ ಇಲ್ಲದ ರೈತ ಹುಟ್ಟಿಕೊಳ್ಳುತ್ತಾನೆ. ಮಾಡೆಲ್ ಅವನ ಬಗ್ಗೆಯೂ ತೀರ್ಪು ಕೊಡುತ್ತದೆ, ಆ ತೀರ್ಪು ಲೆಕ್ಕಕ್ಕೆ ಸೇರುತ್ತದೆ. ಇನ್ನೊಂದು ವಿಧಾನ, ಟ್ರೀ-ಪಾತ್-ಡಿಪೆಂಡೆಂಟ್, ಹಿನ್ನೆಲೆ ಕೇಳುವುದಿಲ್ಲ. ತರಬೇತಿಯಲ್ಲಿ ಯಾವ ಕೊಂಬೆಗೆ ಎಷ್ಟು ಸಾಲು ಹೋಗಿದ್ದವು ಎಂಬುದನ್ನೇ ತೂಕವಾಗಿ ಬಳಸುತ್ತದೆ. ಅದರ ಬಾಧೆ ಬೇರೆ: ಒಂದೇ ಉತ್ತರ ಕೊಡುವ ಎರಡು ಮರಗಳು ಬೇರೆ ಬೇರೆ ರೀತಿಯಲ್ಲಿ ಕಟ್ಟಿಕೊಂಡಿದ್ದರೆ ಪಾಲುಗಳೂ ಬೇರೆಯಾಗಬಹುದು. ಎರಡೂ ವಿಧಾನಕ್ಕೆ ವಾದವಿದೆ. ಯಾವುದನ್ನು ಬಳಸಿದಿರಿ ಎಂದು ಬರೆಯದ ಪ್ರಬಂಧಕ್ಕೆ ಮಾತ್ರ ವಾದವಿಲ್ಲ. ಇಂಟರ್ವೆನ್ಷನಲ್ ಆದರೆ ಹಿನ್ನೆಲೆಗೆ 100ರಿಂದ 1,000 ಸಾಲು ಸಾಕು ಎಂದು ಲೈಬ್ರರಿಯ ಕೈಪಿಡಿ ಹೇಳುತ್ತದೆ; ಸಾಲು ಹೆಚ್ಚಿದಷ್ಟೂ ಸಮಯ ಹೆಚ್ಚು.

ಮೂರು, ‘ಅಡಿಟಿವಿಟಿ ಚೆಕ್ ಫೇಲ್ಡ್’ ಎಂಬ ದೋಷ ಸಂದೇಶ. ಪಾಲುಗಳ ಮೊತ್ತ ಮಾಡೆಲ್‌ನ ಉತ್ತರಕ್ಕೆ ತಾಳೆಯಾಗಲಿಲ್ಲ ಎಂದರ್ಥ. ಈ ಪರೀಕ್ಷೆಯನ್ನೇ ಆಫ್ ಮಾಡಿ ಮುಂದೆ ಹೋಗಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಕೇಳಬೇಡಿ. ತರಬೇತಿಗೆ ಕೊಟ್ಟ ದತ್ತಾಂಶಕ್ಕೆ ಮಾಡಿದ ಸಂಸ್ಕರಣೆಯನ್ನು ಇಲ್ಲಿ ಮರೆತಿದ್ದೀರಾ, ಕಾಲಮ್‌ಗಳ ಕ್ರಮ ಬದಲಾಗಿದೆಯಾ, 64 ಬಿಟ್‌ನ ಸಂಖ್ಯೆ 32 ಬಿಟ್‌ಗೆ ಇಳಿದಾಗ ಗಡಿಯಲ್ಲಿದ್ದ ಬೆಲೆ ಕೊಂಬೆಯ ಆಚೆ ಬದಿಗೆ ಬಿದ್ದಿದೆಯಾ ಎಂದು ಮೊದಲು ನೋಡಬೇಕು.

ಮರವಲ್ಲದ ಮಾಡೆಲ್‌ಗಳಿಗೆ ಬಹಳ ಜನ ಹಿಡಿಯುವ ದಾರಿ ಕರ್ನಲ್‌ಎಕ್ಸ್‌ಪ್ಲೇನರ್. ಯಾವ ಮಾಡೆಲ್ ಕೊಟ್ಟರೂ ನಡೆಯುತ್ತದೆ, ಆಮೆಯ ಹಾಗೆ ನಡೆಯುತ್ತದೆ. ಅದು ಎಲ್ಲ ಕೂಟಗಳನ್ನೂ ನೋಡದೆ ಕೆಲವನ್ನು ಆರಿಸಿಕೊಳ್ಳುತ್ತದೆ; ಡಿಫಾಲ್ಟ್ ಆಗಿ ಆರಿಸುವ ಸಂಖ್ಯೆ ಫೀಚರ್‌ಗಳ ಎರಡರಷ್ಟಕ್ಕೆ 2,048 ಕೂಡಿದಷ್ಟು. 20 ಫೀಚರ್‌ಗೆ 2,088 ಆಯಿತು. 100 ಸಾಲಿನ ಹಿನ್ನೆಲೆ ಕೊಟ್ಟರೆ ಒಬ್ಬ ಅರ್ಜಿದಾರರನ್ನು ವಿವರಿಸಲು ಮಾಡೆಲ್‌ಗೆ 2,08,800 ಸಾಲು ಕೊಡಬೇಕು. ಇದನ್ನು ಸಾವಿರ ಜನರಿಗೆ ಗುಣಿಸಿಕೊಂಡರೆ ಲ್ಯಾಬಿನ ಸರ್ವರ್ ಸರತಿ ಯಾಕೆ ಮುಂದೆ ಹೋಗುತ್ತಿಲ್ಲ ಎಂಬುದು ತಿಳಿಯುತ್ತದೆ. ಹಿನ್ನೆಲೆಯನ್ನು ಹತ್ತಿರದ ಸಾಲುಗಳನ್ನು ಗುಂಪುಗೂಡಿಸುವ ಕೆ-ಮೀನ್ಸ್‌ನಿಂದ 10ರಿಂದ 50 ಪ್ರತಿನಿಧಿಗಳಿಗೆ ಇಳಿಸುವುದು ರೂಢಿ, ಆದರೆ ‘ಹೌದು-ಇಲ್ಲ’ ಮಾದರಿಯ ಕಾಲಮ್‌ಗಳು ಹೆಚ್ಚಿದ್ದಾಗ ಸಾದಾ ಯಾದೃಚ್ಛಿಕ ಆಯ್ಕೆಯೇ ಮೇಲು. ಫೀಚರ್ 11 ಅಥವಾ ಕಡಿಮೆ ಇದ್ದರೆ ಇದೇ ಡಿಫಾಲ್ಟ್ ಸಂಖ್ಯೆಯೊಳಗೆ ಎಲ್ಲ ಕೂಟಗಳೂ ಮುಗಿದುಹೋಗುತ್ತವೆ, ಆಯ್ಕೆಯ ಅದೃಷ್ಟದಾಟ ಇರುವುದಿಲ್ಲ. 12ಕ್ಕೆ ಹೋದ ತಕ್ಷಣ ಅಂದಾಜು ಶುರು. ಆಗ ಹತ್ತು ಬೇರೆ ಬೇರೆ ಸೀಡ್ (ಯಾದೃಚ್ಛಿಕ ಆಯ್ಕೆ ಶುರುವಾಗುವ ಸಂಖ್ಯೆ) ಇಟ್ಟು, ಹಿನ್ನೆಲೆಯನ್ನೂ ಪ್ರತಿ ಸಲ ಹೊಸದಾಗಿ ಆರಿಸಿ ಓಡಿಸಿ, ಮೊದಲ ಐದು ಸ್ಥಾನದ ಫೀಚರ್‌ಗಳು ಅದಲುಬದಲಾಗುತ್ತವೆಯೇ ನೋಡಿ. ಆಗುತ್ತಿದ್ದರೆ ಆ ಕ್ರಮಾಂಕದ ಮೇಲೆ ಅಧ್ಯಾಯ ಕಟ್ಟಬಾರದು. ಎಲ್1_ರೆಗ್ ಎಂಬ ಸೆಟ್ಟಿಂಗ್ ಸಣ್ಣ ಪಾಲುಗಳನ್ನು ಸೊನ್ನೆಗೆ ಇಳಿಸಿಬಿಡಬಹುದು ಎಂಬುದೂ ನೆನಪಿರಲಿ. ‘ಈ ಫೀಚರ್‌ನ ಪರಿಣಾಮ ಶೂನ್ಯ’ ಎಂದು ಬರೆಯುವ ಮುಂಚೆ ಅದನ್ನು ಆಫ್ ಮಾಡಿ ಇನ್ನೊಮ್ಮೆ ನೋಡುವುದು ಒಳ್ಳೆಯದು.

ಕನ್ನಡ ಪಠ್ಯದ ಮೇಲೆ ಕೆಲಸ ಮಾಡುವವರಿಗೆ ಬೇರೆಯದೇ ಗುಂಡಿ ಕಾದಿದೆ. ವಾಕ್ಯದ ತುಂಡುಗಳನ್ನು ಮುಚ್ಚಿ ನೋಡುವ ಶ್ಯಾಪ್‌ನ ಪಠ್ಯ ಮಾಸ್ಕರ್‌ಗೆ, ಪಠ್ಯವನ್ನು ತುಂಡು ಮಾಡುವ ಟೋಕನೈಸರ್ ಕೊಡದಿದ್ದರೆ ಅದು ‘ಪದದ ಅಕ್ಷರವಲ್ಲದ’ ಗುರುತು ಸಿಕ್ಕಲ್ಲೆಲ್ಲ ವಾಕ್ಯವನ್ನು ಕತ್ತರಿಸುತ್ತದೆ. ಇದಕ್ಕೆ ಬಳಸುವ ಪೈಥಾನ್‌ನ ಪಠ್ಯ ಹುಡುಕುವ ಸೂತ್ರ, ರೆಗ್ಯುಲರ್ ಎಕ್ಸ್‌ಪ್ರೆಷನ್, ನಮ್ಮ ಕಾಗುಣಿತದ ಚಿಹ್ನೆ, ಅನುಸ್ವಾರ, ಒತ್ತಕ್ಷರ ಕಟ್ಟುವ ಹಲಂತ ಯಾವುದನ್ನೂ ಪದದ ಭಾಗವೆಂದು ಒಪ್ಪುವುದಿಲ್ಲ. ಪರಿಣಾಮ: ‘ಕನ್ನಡ’ ಎಂಬುದು ‘ಕನ’, ‘ನಡ’ ಎಂದು ಎರಡು ತುಂಡು. ‘ಬೆಂಗಳೂರು’ ಹೋಗಿ ‘ಬ’, ‘ಗಳ’, ‘ರ’. ಸಿನಿಮಾ ವಿಮರ್ಶೆಯ ಭಾವ ಅಳೆಯುವ ಮಾಡೆಲ್‌ಗೆ ಪ್ರಾಣವಾದ ‘ಚೆನ್ನಾಗಿಲ್ಲ’ ಎಂಬ ಪದ ಆರು ಬಿಡಿ ವ್ಯಂಜನಗಳಾಗಿ ಚೂರಾಗುತ್ತದೆ, ಅದರೊಳಗಿನ ‘ಇಲ್ಲ’ ಮಾಯ. ದೋಷ ಸಂದೇಶವೇನೂ ಬರುವುದಿಲ್ಲ. ಬಣ್ಣ ಬಳಿದ ಸುಂದರ ಚಿತ್ರ ಬರುತ್ತದೆ, ಅದೇ ಅಪಾಯ. ಪರಿಹಾರ ಒಂದೇ ಸಾಲಿನದು: ಕತ್ತರಿಸುವ ನಿಯಮವನ್ನು ಖಾಲಿ ಜಾಗಕ್ಕೆ ಮಾತ್ರ ಸೀಮಿತಗೊಳಿಸಿ. ಪೂರ್ಣವಿರಾಮ ಪದಕ್ಕೆ ಅಂಟಿಕೊಳ್ಳದಂತೆ ಮೊದಲೇ ಬೇರ್ಪಡಿಸಿ.

ಟ್ರಾನ್ಸ್‌ಫಾರ್ಮರ್ ಮಾಡೆಲ್‌ನದೇ ಟೋಕನೈಸರ್ ಕೊಟ್ಟರೆ ಈ ತೊಂದರೆ ಹೋಗಿ ಇನ್ನೊಂದು ಬರುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಬೈಟ್ ಮಟ್ಟದಲ್ಲಿ ತುಂಡು ಮಾಡುವ ಟೋಕನೈಸರ್ ಆದರೆ ಬಣ್ಣ ಬೀಳುವುದು ಅರ್ಧ ಅಕ್ಷರದ ಮೇಲೆ. ತುಂಡುಗಳ ಪಾಲು ಕೂಡಿಸಿ ಪದದ ಪಾಲು ಎಂದು ತೋರಿಸಬಹುದು, ಮೊತ್ತವೇನೋ ಸರಿಹೋಗುತ್ತದೆ. ಆದರೆ ಪದವನ್ನೇ ಒಬ್ಬ ಆಟಗಾರ ಎಂದು ಮಾಡಿ ಲೆಕ್ಕ ಹಾಕಿದಾಗ ಬರುವ ಬೆಲೆ ಅದೇ ಆಗಿರಬೇಕೆಂದಿಲ್ಲ. ‘ಮನೆಯವರಿಗೂ’ ತರಹದ ಪದದಲ್ಲಿ ವಿಭಕ್ತಿಯೂ ‘ಊ’ ಕೂಡ ಒಂದೇ ಮೈಯಲ್ಲಿ ಕೂತಿರುವುದರಿಂದ ಯಾವ ಪ್ರತ್ಯಯ ಕೆಲಸ ಮಾಡಿತು ಎಂದು ಪದಮಟ್ಟದ ವಿವರಣೆ ಹೇಳಲಾರದು. ಇಲ್ಲಿ ಒಂದು ಒಳ್ಳೆಯ ಪಿಎಚ್‌ಡಿ ಅಧ್ಯಾಯವೂ, ಒಂದು ಸಣ್ಣ ಓಪನ್ ಸೋರ್ಸ್ ಪ್ಯಾಕೇಜೂ ಬರೆಯುವವರಿಗಾಗಿ ಕಾಯುತ್ತಿವೆ.

ಇನ್ನು ನಿರ್ವಹಣೆಯ ಮಾತು. ಹೊಳೆ ದಾಟಿದ ಮೇಲೆ ಅಂಬಿಗನ ಗೊಡವೆ ಯಾಕೆ ಎಂಬ ಗಾದೆ ಪಿಎಚ್‌ಡಿ ತಂತ್ರಾಂಶಗಳಿಗೆ ಚೆನ್ನಾಗಿ ಒಪ್ಪುತ್ತದೆ: ಪದವಿ ಬಂದ ಮೇಲೆ ಕೋಡ್ ನೋಡುವವರಿರುವುದಿಲ್ಲ. ಶ್ಯಾಪ್‌ಗೂ ಅಂಥ ಕಾಲ ಬಂದಿತ್ತು. 2022ರ 0.41 ಆವೃತ್ತಿಯ ನಂತರ ಸುಮಾರು ಒಂದು ವರ್ಷ ಹೊಸ ಬಿಡುಗಡೆ ಇರಲಿಲ್ಲ. ಆ ನಡುವೆ, 2022ರ ಡಿಸೆಂಬರ್‌ನಲ್ಲಿ, ಶ್ಯಾಪ್ ನೆಚ್ಚಿಕೊಂಡಿರುವ ಗಣಿತದ ಲೈಬ್ರರಿ ನಂಪೈನ 1.24 ಆವೃತ್ತಿ ಬಂದು ‘ಎನ್‌ಪಿ.ಬೂಲ್’ ಎಂಬ ಹಳೆಯ ಹೆಸರನ್ನು ಕಿತ್ತುಹಾಕಿತು. ಶ್ಯಾಪ್‌ನ ಕೋಡಿನಲ್ಲಿ ಅದು ಇದ್ದದ್ದರಿಂದ ಸರಿಯಾಗಿ ನಡೆಯುತ್ತಿದ್ದ ನೋಟ್‌ಬುಕ್‌ಗಳು ಮುರಿದವು. ಸ್ವಯಂಸೇವಕರು ಕೋಡಿನ ಪ್ರತಿಯೊಂದನ್ನು ಬೇರೆ ಕವಲಾಗಿ (ಫೋರ್ಕ್) ತೆಗೆದು ದುರಸ್ತಿ ಮಾಡಿದರು, ಆಮೇಲೆ ಅದು ಮೂಲಕ್ಕೇ ಸೇರಿ 2023ರಲ್ಲಿ 0.42 ಹೊರಬಂತು. ಈಗ ಲೈಬ್ರರಿ ಒಬ್ಬರ ಖಾತೆಯಲ್ಲಿಲ್ಲ, ಸಮುದಾಯದ ಖಾತೆಯಲ್ಲಿದೆ. ಸೇವೆಯ ಲೆಕ್ಕದಲ್ಲಿ ಇದು ದೊಡ್ಡ ಸುಧಾರಣೆ.

ಸುಧಾರಣೆಯ ಜೊತೆ ಬಂದ ಒಂದು ಬದಲಾವಣೆ ಹಳೆಯ ಕೋಡನ್ನು ಸದ್ದಿಲ್ಲದೆ ಕೆಡಿಸುತ್ತದೆ. ಸೈಕಿಟ್-ಲರ್ನ್‌ನ ರಾಂಡಮ್ ಫಾರೆಸ್ಟ್ ವರ್ಗೀಕರಣಕ್ಕೆ ಮುಂಚೆ ಎರಡು ಅರೇಗಳ (ಸಂಖ್ಯೆಗಳ ಕೋಷ್ಟಕಗಳ) ಪಟ್ಟಿ ಬರುತ್ತಿತ್ತು. 1 ಎಂಬ ಇಂಡೆಕ್ಸ್ ಕೊಟ್ಟರೆ ‘ಹೌದು’ ವರ್ಗದ ಪಾಲುಗಳು. 0.45ರಿಂದ ಸಾಲು, ಫೀಚರ್, ವರ್ಗ ಎಂಬ ಮೂರು ಆಯಾಮದ ಒಂದೇ ಅರೇ ಬರುತ್ತದೆ. ಅದೇ ಹಳೆಯ ಇಂಡೆಕ್ಸ್ ಈಗ ಎತ್ತಿಕೊಡುವುದು ಎರಡನೆಯ ಅರ್ಜಿದಾರರ ಸಾಲನ್ನು. 1 ಅನ್ನು ಮೂರನೆಯ ಆಯಾಮಕ್ಕೆ ಸರಿಸಬೇಕು. ಹಳೆಯ ಪಾಠಗಳಿಂದ ಕೋಡ್ ನಕಲು ಮಾಡುವವರು ಅರೇಯ ಆಕಾರವನ್ನು ಒಮ್ಮೆ ಮುದ್ರಿಸಿ ನೋಡಿಯೇ ಮುಂದುವರಿಯಲಿ. ಅನುಸ್ಥಾಪನೆಯಲ್ಲಿ ತೊಡಕು ಬಂದರೆ ಹೆಚ್ಚಿನ ಸಲ ಅದು ಪೈಥಾನ್ ಕೋಡನ್ನು ವೇಗಗೊಳಿಸುವ ನಂಬಾ ಲೈಬ್ರರಿಯದು. ಹೊಸ ಪೈಥಾನ್ ಆವೃತ್ತಿಗೆ ನಂಬಾ ಒಗ್ಗಿಕೊಳ್ಳುವವರೆಗೆ ಕಾಯಬೇಕಾಗುತ್ತದೆ. ಪ್ರಬಂಧದ ಕೆಲಸಕ್ಕೆ ಒಂದು ಆವೃತ್ತಿ ಹಳೆಯ ಪೈಥಾನ್ ಇಟ್ಟುಕೊಂಡರೆ ತಲೆನೋವಿಲ್ಲ. ಚಿತ್ರಗಳಲ್ಲಿ ಒಬ್ಬರ ಪಾಲುಗಳನ್ನು ತೋರಿಸುವ ವಾಟರ್‌ಫಾಲ್, ಎಲ್ಲರ ಪಾಲುಗಳನ್ನು ಒಟ್ಟಿಗೆ ತೋರಿಸುವ ಬೀಸ್ವಾರ್ಮ್ ಎರಡೂ ಚೆನ್ನಾಗಿವೆ. ಫೋರ್ಸ್ ಪ್ಲಾಟ್ ಡಿಫಾಲ್ಟ್ ಆಗಿ ಜಾವಾಸ್ಕ್ರಿಪ್ಟ್ ನಂಬಿಕೊಂಡಿದೆ; ಅಚ್ಚಿಗೆ ಹೋಗುವ ಪ್ರಬಂಧಕ್ಕಾದರೆ, ಒಬ್ಬರ ವಿವರಣೆಗೆ ಮಾತ್ರ ಸಿಗುವ ಮ್ಯಾಟ್‌ಪ್ಲಾಟ್‌ಲಿಬ್ ಆಯ್ಕೆ ಬಳಸಬೇಕು.

‘ವಿಶ್ವಾಸಾರ್ಹ’ ಎಂಬ ಪದಕ್ಕೆ ಶ್ಯಾಪ್ ಒಂದೇ ಸಾಕೇ? ಸಾಲದು. 2020ರಲ್ಲಿ ಡಿಲನ್ ಸ್ಲ್ಯಾಕ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಹಿಮಬಿಂದು ಲಕ್ಕರಾಜು ಮತ್ತು ಸಂಗಡಿಗರು ಲೈಮ್ ಹಾಗೂ ಕರ್ನಲ್ ಮಾದರಿಯ ಶ್ಯಾಪ್ ಎರಡನ್ನೂ ಮೋಸಗೊಳಿಸಿ ತೋರಿಸಿದರು. ತಂತ್ರ ಸರಳ: ಬಂದದ್ದು ನಿಜವಾದ ವ್ಯಕ್ತಿಯ ದತ್ತಾಂಶವೋ ವಿವರಣೆಗಾಗಿ ಬೆರೆಸಿದ ಕೃತಕ ಸಾಲೋ ಎಂದು ಮಾಡೆಲ್ ಮೊದಲು ಗುರುತಿಸುತ್ತದೆ, ನಿಜವಾದರೆ ಪಕ್ಷಪಾತ, ಕೃತಕವಾದರೆ ಸಭ್ಯ ನಡೆ. ಮೇಲೆ ಹೇಳಿದ ಇಲ್ಲದ ರೈತ ಇಲ್ಲಿ ಕಳ್ಳನಿಗೆ ಸುಳಿವಾಗುತ್ತಾನೆ. ಲಿಂಗ ಅಥವಾ ಜಾತಿಯ ಕಾಲಮ್ ತೆಗೆದುಹಾಕಿದ ಮಾಡೆಲ್‌ನಲ್ಲಿ ಅವುಗಳ ಪಾಲು ಕಾಣಿಸುವ ಮಾತೇ ಇಲ್ಲ, ಆದರೂ ಪಿನ್‌ಕೋಡ್ ಆ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿರಬಹುದು. ಅದನ್ನು ಅಳೆಯಲು ಗುಂಪುವಾರು ದೋಷ ಪ್ರಮಾಣ ಲೆಕ್ಕ ಹಾಕುವ ಫೇರ್‌ಲರ್ನ್ ಅಥವಾ ಐಬಿಎಂನಲ್ಲಿ ಹುಟ್ಟಿದ ಎಐಎಫ್360 ಬೇಕು. ಪೈಟಾರ್ಚ್‌ನಲ್ಲಿ ಕಟ್ಟಿದ ಆಳ ನರಜಾಲಗಳಿಗೆ (ಡೀಪ್ ನ್ಯೂರಲ್ ನೆಟ್‌ವರ್ಕ್) ಕ್ಯಾಪ್ಟಮ್ ಎಂಬ ವಿವರಣೆಯ ಲೈಬ್ರರಿ ಹೆಚ್ಚು ಹೊಂದುತ್ತದೆ. ಕೋಷ್ಟಕ ರೂಪದ ದತ್ತಾಂಶವಾದರೆ ಇಂಟರ್‌ಪ್ರೆಟ್‌ಎಂಎಲ್ ಲೈಬ್ರರಿಯ ಇಬಿಎಂ ಎಂಬ, ಒಳಗಿನ ಲೆಕ್ಕವನ್ನು ನೇರವಾಗಿ ಓದಬಹುದಾದ ಮಾಡೆಲ್ ಒಮ್ಮೆ ಓಡಿಸಿ ನೋಡಿ. ನಿಖರತೆ ಹತ್ತಿರಹತ್ತಿರ ಬಂದರೆ, ಮುಚ್ಚಿದ ಪೆಟ್ಟಿಗೆ ಕಟ್ಟಿ ಅದಕ್ಕೆ ಕಿಟಕಿ ಕೊರೆಯುವ ಶ್ರಮವೇ ತಪ್ಪುತ್ತದೆ.

ಶ್ಯಾಪ್ ಮೇಲೆ ನಿಮ್ಮದೇ ಪ್ಯಾಕೇಜ್ ಕಟ್ಟುವಾಗ ಅದರ ಕೋಡನ್ನು ಕವಲು ತೆಗೆದುಕೊಂಡು ತಿದ್ದುವುದಕ್ಕಿಂತ ತೆಳುವಾದ ಹೊದಿಕೆ ಬರೆಯುವುದು ಮೇಲು; ಮೂಲದ ಪ್ರತಿ ಬದಲಾವಣೆಯನ್ನು ನಾಲ್ಕು ವರ್ಷ ಒಬ್ಬರೇ ಹೊರಲಾಗದು. ಪರೀಕ್ಷೆಗಳಲ್ಲಿ ಮೊತ್ತ ತಾಳೆಯಾಗುತ್ತದೆಯೇ, ಅರೇಯ ಆಕಾರ ಸರಿಯೇ ಎಂಬ ಎರಡು ಇದ್ದೇ ಇರಲಿ. ಪ್ರತಿ ಚಿತ್ರದ ಕೆಳಗೆ ಶ್ಯಾಪ್ ಆವೃತ್ತಿ, ಎಕ್ಸ್‌ಪ್ಲೇನರ್ ಹೆಸರು, ವಿಧಾನ, ಹಿನ್ನೆಲೆಯ ಸಾಲುಗಳು, ಸೀಡ್, ಅಳತೆಯ ಮಾನ ನಮೂದಿಸಿ. ಕೋಡಿಗೆ ಡಿಒಐ (ಉಲ್ಲೇಖಿಸಲು ಬಳಸುವ ಶಾಶ್ವತ ಗುರುತು) ಬೇಕೆಂದರೆ ಸರ್ನ್ ಸಂಶೋಧನಾ ಸಂಸ್ಥೆ ನಡೆಸುವ ಜೆನೋಡೊ ಭಂಡಾರ ಪುಕ್ಕಟೆ ಕೊಡುತ್ತದೆ, ಆದರೆ ಗಿಟ್‌ಹಬ್ ಜೋಡಣೆಯ ಸ್ವಿಚ್ಚನ್ನು ರಿಲೀಸ್ ಮಾಡುವ ಮುಂಚೆಯೇ ಆನ್ ಮಾಡಿರಬೇಕು. ಮೊದಲೇ ಮಾಡಿದ ರಿಲೀಸ್ ತಾನಾಗಿ ಅಲ್ಲಿಗೆ ಹೋಗುವುದಿಲ್ಲ. ಆವೃತ್ತಿಗೊಂದು, ಒಟ್ಟು ತಂತ್ರಾಂಶಕ್ಕೊಂದು ಎಂದು ಎರಡು ಡಿಒಐ ಸಿಗುತ್ತವೆ. ಪ್ರಬಂಧದಲ್ಲಿ ಹಾಕಬೇಕಾದದ್ದು ಮೊದಲನೆಯದು. ಸಲ್ಲಿಸುವ ವಾರಕ್ಕೆ ಮುಂಚೆ, ಏನೂ ಇಲ್ಲದ ಬೇರೆ ಕಂಪ್ಯೂಟರ್‌ನಲ್ಲಿ ಆ ಡಿಒಐಯಿಂದಲೇ ಕೋಡ್ ಇಳಿಸಿ ಓಡಿಸಿ, ಕೋಷ್ಟಕದ ಸಂಖ್ಯೆಗಳು ಮೂರನೆಯ ದಶಮಾಂಶದವರೆಗೆ ಕೂಡಿಬರುತ್ತವೆಯೇ ನೋಡಿ. ಕರ್ನಲ್‌ಎಕ್ಸ್‌ಪ್ಲೇನರ್‌ನ ಕೋಷ್ಟಕ ಮಾತ್ರ ಕೂಡಿಬರದಿದ್ದರೆ ಸೀಡ್ ಎಲ್ಲೋ ಬಿಟ್ಟುಹೋಗಿರಬಹುದು.