ಭೂಪತಿ ಮಾದರಿಯೋ, ಬೋಪಣ್ಣ ಮಾದರಿಯೋ?

ಟೆನಿಸ್ ಡಬಲ್ಸ್‌ನಲ್ಲೇ ಬದುಕು ಕಟ್ಟಿಕೊಳ್ಳಬೇಕೆಂದಿರುವ ಎಳೆಯರು ಯಾರನ್ನು ನೋಡಿ ಕಲಿಯಬೇಕು? ಪ್ರಶಸ್ತಿಗಳ ಲೆಕ್ಕದಲ್ಲಿ ಮಹೇಶ್ ಭೂಪತಿ ಬಹಳ ಮುಂದೆ: 12 ಗ್ರ್ಯಾನ್ ಸ್ಲಾಮ್ (ಟೆನಿಸ್‌ನ ನಾಲ್ಕು ಅತಿ ದೊಡ್ಡ ಟೂರ್ನಿಗಳ) ಪ್ರಶಸ್ತಿ, ಅದರಲ್ಲಿ 8 ಮಿಶ್ರ ಡಬಲ್ಸ್. 1999ರಲ್ಲೇ ವಿಶ್ವದ ನಂ. 1. ಬ್ಯಾಕ್‌ಹ್ಯಾಂಡ್ ರಿಟರ್ನ್ ಕಲಿಯಲು ಅವರೇ ಗುರು.

ರೋಹನ್ ಬೋಪಣ್ಣ ಗೆದ್ದದ್ದು ಎರಡೇ. ಆದರೂ ನನ್ನ ಮತ ಈ ಕೊಡಗಿನ ಆಟಗಾರನಿಗೆ. 2010ರ ಯುಎಸ್ ಓಪನ್ ಫೈನಲ್‌ನಲ್ಲಿ ಪಾಕಿಸ್ತಾನದ ಖುರೇಷಿ ಜೊತೆಗೂಡಿ ಆಡಿ ಸೋತರು. 2017ರಲ್ಲಿ ಕೆನಡಾದ ಡಬ್ರೋವ್‌ಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಒಲಿಯಿತು. ಪುರುಷರ ಡಬಲ್ಸ್ ಕಿರೀಟಕ್ಕೆ 2024ರ ಆಸ್ಟ್ರೇಲಿಯನ್ ಓಪನ್‌ವರೆಗೆ ಕಾಯಬೇಕಾಯಿತು. ಆಗ ಅವರಿಗೆ 43 ವರ್ಷ, ಜೊತೆಗಾರ ಆಸ್ಟ್ರೇಲಿಯಾದ ಎಬ್ಡೆನ್. ಸವೆದ ಮಂಡಿಗಳನ್ನು ಅಯ್ಯಂಗಾರ್ ಯೋಗದಿಂದ ಸಂಭಾಳಿಸಿ, ಬಿರುಸಿನ ಸರ್ವ್ ಉಳಿಸಿಕೊಂಡದ್ದು ಎಂಥ ಸಾಧನೆ! ಬೇಗ ಗೆಲುವು ಸಿಗದವರು ಬೋಪಣ್ಣನವರ ಪಂದ್ಯಗಳಿಂದಲೇ ಶುರುಮಾಡಲಿ.