ಹೊಂಗ್‌ಡೇ: ಹಗಲಿಗೆ ಪೂರ್ತಿ ಅಂಕ, ಸಂಜೆಗೆ ಅರ್ಧ

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನ ಹೊಂಗ್‌ಡೇಗೆ ಬೆಳಿಗ್ಗೆಯೇ ಹೋಗಿ ಎಂದರೆ ಅಲ್ಲಿನ ಹುಡುಗರು ನಕ್ಕಾರು. ಆ ಹೊತ್ತಿಗೆ ಬೀದಿ ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುತ್ತದೆ. ಚಿತ್ರಕಲೆ ಕಲಿಸಿ ನಿವೃತ್ತಳಾದ ನನಗೆ ಮಾತ್ರ ಅದೇ ಸರಿಯಾದ ಸಮಯ.

ಈ ಪ್ರದೇಶಕ್ಕೆ ಹೆಸರು ಬಂದದ್ದು ಹೊಂಗಿಕ್ ವಿಶ್ವವಿದ್ಯಾಲಯದಿಂದ. ವಿಶ್ವವಿದ್ಯಾಲಯಕ್ಕೆ ಹೆಸರು ತಂದದ್ದು ಅದರ ಕಲಾ ವಿಭಾಗ. ಮಹಾದ್ವಾರವೆಲ್ಲಿ ಎಂದು ಹುಡುಕಿದರೆ ಎದುರಾಗುವುದು ಒಂದು ಬಹುಮಹಡಿ ಕಟ್ಟಡ. ಅದರಡಿಯಿಂದಲೇ ಆವರಣಕ್ಕೆ ದಾರಿ. ನಾನು ಹೆಚ್ಚು ಹೊತ್ತು ಕಳೆದದ್ದು ಹತ್ತಿರದ ಚಿತ್ರಸಾಮಗ್ರಿ ಅಂಗಡಿಯೊಂದರಲ್ಲಿ. ಹಿಪ್ಪುನೇರಳೆ ಜಾತಿಯ ಮರದ ತೊಗಟೆಯಿಂದ ಮಾಡುವ ಹಂಜಿ ಕಾಗದವನ್ನು ಬೆಳಕಿಗೆ ಹಿಡಿದರೆ ನಾರಿನ ಎಳೆಗಳು ಕಾಣುತ್ತವೆ. ಮುಟ್ಟಿ ನೋಡಿದ್ದಕ್ಕೆ ಯಾರೂ ಗದರಲಿಲ್ಲ. ಪಕ್ಕದಲ್ಲಿ ಒಬ್ಬ ಹುಡುಗಿ ಎರಡು ಕುಂಚ ಹಿಡಿದು, ಬೆಲೆ ನೋಡಿ, ಒಂದನ್ನು ಮರಳಿ ಇಟ್ಟಳು. ಕಲಾ ವಿದ್ಯಾರ್ಥಿಗಳ ಪಾಡು ಎಲ್ಲೆಡೆ ಒಂದೇ.

ಸಂಜೆಯಾದರೆ ಜನರೆಲ್ಲ ಬೀದಿ ಗಾಯನ, ನೃತ್ಯಗಳ ಕಡೆಗೆ ಹರಿಯುತ್ತಾರೆ. ಕುಣಿಯುವ ಮಕ್ಕಳ ಶಿಸ್ತು ಮೆಚ್ಚುವಂಥದ್ದೇ. ಆದರೆ ಅಕ್ಕಪಕ್ಕದ ಧ್ವನಿವರ್ಧಕಗಳ ನಡುವೆ ಗಿಟಾರ್ ಹಿಡಿದು ನಿಂತವನ ಹಾಡು ಅವನ ತುಟಿಯಲ್ಲೇ ಉಳಿದಿತ್ತು. 1990ರ ದಶಕದಲ್ಲಿ ಇಲ್ಲಿನ ಸಣ್ಣ ಕ್ಲಬ್‌ಗಳಲ್ಲೇ ಕೊರಿಯಾದ ಇಂಡೀ ಸಂಗೀತ, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದ ಸ್ವತಂತ್ರ ಸಂಗೀತ, ಬೆಳೆದದ್ದು. ಜನ ಬಂದರು, ಬಾಡಿಗೆ ಏರಿತು, ಕಲಾವಿದರಲ್ಲಿ ಅನೇಕರು ಸೋಲ್‌ನದೇ ಬೇರೆ ಬಡಾವಣೆಗಳಾದ ಮಂಗ್ವೊನ್ ಕಡೆಗೋ ಮುಲ್ಲೆಯ ಕಬ್ಬಿಣದ ಕಾರ್ಖಾನೆಗಳ ಪಕ್ಕಕ್ಕೋ ಹೋದರು. ಮುಖ್ಯ ಬೀದಿಯಲ್ಲಿ ಈಗ ಮೊಬೈಲ್ ಕವಚ, ಸೌಂದರ್ಯವರ್ಧಕ, ನಾಲ್ಕು ಚಿತ್ರ ಒಟ್ಟಿಗೆ ತೆಗೆಯುವ ಫೋಟೊ ಗೂಡುಗಳದ್ದೇ ಭರಾಟೆ. (ನಾನೂ ತೆಗೆಸಿಕೊಂಡೆ. ಸೊಸೆ ಬಿಡಲಿಲ್ಲ.)

ಮೆಟ್ರೋ ನಿಲ್ದಾಣದ 9ನೇ ದ್ವಾರದಲ್ಲಿ ನೂಕುನುಗ್ಗಲು. ನೀವು 3ನೇ ದ್ವಾರದಿಂದ ಹೊರಬನ್ನಿ. ಹಳೆಯ ಗ್ಯೊಂಗುಯಿ ರೈಲು ಮಾರ್ಗವನ್ನು ನೆಲದಡಿಗೆ ಇಳಿಸಿ, ಮೇಲೆ ಉಳಿದ ಜಾಗದಲ್ಲಿ ಮಾಡಿದ ಉದ್ಯಾನ ಅಲ್ಲಿದೆ. ಪೂರ್ಣಗೊಂಡದ್ದು 2016ರಲ್ಲಿ, ಉದ್ದ 6.3 ಕಿಲೋಮೀಟರ್. ಯೊನ್ನಂ ಭಾಗದಲ್ಲಿ ವಿದ್ಯಾರ್ಥಿಗಳು ಚಾಪೆ ಹಾಸಿ ಹರಟುತ್ತಾರೆ. ಸ್ಕೆಚ್ ಪುಸ್ತಕ ತೆರೆದು ಕುಳಿತರೆ ಮಾದರಿಗಳಿಗೆ ಬರವಿಲ್ಲ. ನನ್ನ ಪೂರ್ತಿ ಅಂಕ ಇದಕ್ಕೇ.

ಸಸ್ಯಾಹಾರಿಗಳು ಎಚ್ಚರವಾಗಿರಬೇಕು. ಅಕ್ಕಿ ಹಿಟ್ಟಿನ ಕಡುಬಿನಂಥ ತುಂಡುಗಳ ಖಾರದ ತಿನಿಸು ತೊಕ್‌ಪೊಕ್ಕಿ ನೋಡಲು ನಿರುಪದ್ರವಿ, ಸಾರು ಮಾತ್ರ ಸಾಮಾನ್ಯವಾಗಿ ಒಣಮೀನಿನದ್ದು. ಹುಳಿ ಬರಿಸಿದ ಖಾರದ ಎಲೆಕೋಸು ಕಿಮ್ಚಿಯಲ್ಲೂ ಸಾಮಾನ್ಯವಾಗಿ ಮೀನಿನ ರಸವೋ ಸೀಗಡಿಯೋ ಇರುತ್ತದೆ. ಬೆಲ್ಲದಂಥ ಸಿಹಿ ಹೂರಣದ, ಕಾವಲಿಯಲ್ಲಿ ಬೇಯಿಸುವ ರೊಟ್ಟಿ ಹೊತ್ತೊಕ್ ಸಿಕ್ಕರೆ ಬಿಡಬೇಡಿ, ತುಟಿ ಸುಟ್ಟರೂ ಚಿಂತೆಯಿಲ್ಲ. ತಿಂದ ಮೇಲೆ ಕಾಗದ ಎಸೆಯಲು ಕಸದ ಬುಟ್ಟಿ ಕಾಣುವುದು ಅಪರೂಪ, ಚೀಲದಲ್ಲೇ ಇಟ್ಟುಕೊಳ್ಳಿ. ಇಂಚೊನ್ ವಿಮಾನ ನಿಲ್ದಾಣದಿಂದ ನೇರ ರೈಲಿದೆ. ಮಧ್ಯರಾತ್ರಿಯ ಹೊತ್ತಿಗೆ ಮೆಟ್ರೋ ನಿಲ್ಲುತ್ತದೆ. ಹುಡುಗರು ಬೆಳಗಿನ ಮೊದಲ ರೈಲಿನವರೆಗೂ ಹಾಡಿಕೊಂಡಿರುತ್ತಾರೆ, ಮಂಡಿನೋವಿರುವವರು ಹತ್ತಕ್ಕೇ ಹೊರಡುವುದು ಮೇಲು.