‘ರಿಸ್ಟೋರ್ ಆಗಿದೆ’ ಎಂದು ಮಾರುವ ಚೀನೀ ಲ್ಯಾಕರ್ ತೆರೆ: ಕೊಳ್ಳುವ ಮೊದಲು ಅಂಚು, ಬೆನ್ನು, ಕಾಲು ನೋಡಿ

ನ್ಯೂಜೆರ್ಸಿಯ ಕನ್ನಡ ಕುಟುಂಬವೊಂದು ಹಾಲ್‌ಗೂ ಊಟದ ಮೇಜಿಗೂ ನಡುವೆ ನಿಲ್ಲಿಸಲೆಂದು ಹಳೆಯ ಚೀನೀ ಲ್ಯಾಕರ್ ತೆರೆಯೊಂದನ್ನು ಆನ್‌ಲೈನ್ ಹರಾಜಿನಲ್ಲಿ ಕೊಂಡಿತು. ಆರು ಹಲಗೆಗಳ ಮಡಿಸುವ ತೆರೆ. ಕಪ್ಪು ಮೈಮೇಲೆ ಅರಮನೆಯ ಅಂಗಳ, ಕುದುರೆ ಸವಾರರು, ಕಾಣಿಕೆ ಹೊತ್ತು ಬರುವ ಜನ. ಮಾರಾಟದ ವಿವರಣೆಯಲ್ಲಿ ಮೂರು ಭರವಸೆಗಳಿದ್ದವು: ಚೀನಾದ ಚಕ್ರವರ್ತಿ ಕಾಂಗ್‌ಶಿಯ ಕಾಲದ್ದು, ಪೂರ್ಣ ಸೆಟ್, ವೃತ್ತಿಪರರಿಂದ ರಿಸ್ಟೋರ್ ಆಗಿದೆ. ಸೆಪ್ಟೆಂಬರಿನಲ್ಲಿ ಮನೆಗೆ ಬಂದದ್ದು ಜನವರಿ ಹೊತ್ತಿಗೆ ಚಕ್ಕೆ ಚಕ್ಕೆಯಾಗಿ ನೆಲಕ್ಕೆ ಉದುರತೊಡಗಿತು. ‘ಇದ್ದದ್ದು ಇದ್ದ ಹಾಗೆ ಮಾರಾಟ’ ಎಂಬ ಷರತ್ತನ್ನು ತೋರಿಸಿ ಮಾರಿದವರು ಸುಮ್ಮನಾದರು. ಆ ಮೂರು ಭರವಸೆಗಳಲ್ಲಿ ಮೊದಲನೆಯದು ನಿಜವಿರಬಹುದು, ಎರಡನೆಯದು ಸುಳ್ಳು. ತೆರೆಯನ್ನು ಹಾಳುಮಾಡಿದ್ದು ಮೂರನೆಯದು.

ಈ ಬಗೆಯ ತೆರೆಗೆ ಕೊರೊಮಂಡಲ್ ಸ್ಕ್ರೀನ್ ಎಂಬ ಹೆಸರಿದೆ. ತಯಾರಾಗುತ್ತಿದ್ದುದು ಚೀನಾದಲ್ಲೇ, ಯುರೋಪಿನ ವ್ಯಾಪಾರಿ ಕಂಪನಿಗಳ ಹಡಗುಗಳು ನಮ್ಮ ಚೋಳಮಂಡಲ ಕರಾವಳಿಯ ಬಂದರುಗಳ ಮೂಲಕ ಸಾಗಿಸುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತು. ಹಾಗಾಗಿ ‘ಭಾರತದಲ್ಲಿ ಮಾಡಿದ ಕೊರೊಮಂಡಲ್ ತೆರೆ’ ಎಂದು ಯಾರಾದರೂ ವಿವರಣೆ ಕೊಟ್ಟರೆ ಅವರಿಗೆ ವಸ್ತುವೇ ಗೊತ್ತಿಲ್ಲ ಎಂದು ತಿಳಿಯಿರಿ. ಹಗುರವಾದ ಮೆದು ಮರದ ಹಲಗೆ, ಅದರ ಮೇಲೆ ಜೇಡಿ ಅಥವಾ ಇಟ್ಟಿಗೆ ಪುಡಿಯನ್ನು ಹಂದಿಯ ರಕ್ತದಲ್ಲೋ ಅಂಟಿನಲ್ಲೋ ಕಲಸಿ ಬಳಿದ ದಪ್ಪ ಗಾರೆ, ಅದರ ಮೇಲೆ ತೆಳುವಾಗಿ ಲ್ಯಾಕರ್. ಕುಶಲಕರ್ಮಿ ಲ್ಯಾಕರ್ ಪದರವನ್ನು ಕೊರೆದು ಗಾರೆಯವರೆಗೆ ಇಳಿಯುತ್ತಾನೆ, ಆ ತಗ್ಗುಗಳಿಗೆ ಬಣ್ಣ ತುಂಬುತ್ತಾನೆ, ಗೆರೆಗಳನ್ನು ಮಾತ್ರ ಕಪ್ಪಾಗಿ ಉಬ್ಬಿಸಿ ಉಳಿಸುತ್ತಾನೆ. ಲ್ಯಾಕರ್ ಎಂದರೆ ಇಲ್ಲಿ ಮರದ ಸೊನೆ. ಚನ್ನಪಟ್ಟಣದ ಗೊಂಬೆಗೆ ಹಚ್ಚುವ ಅರಗು ಕೀಟದಿಂದ ಬರುವಂಥದ್ದು, ಸ್ಪಿರಿಟ್ಟಿಗೆ ಕರಗುತ್ತದೆ. ಈ ಸೊನೆ ಒಮ್ಮೆ ಗಟ್ಟಿಯಾದರೆ ಸ್ಪಿರಿಟ್ಟಿಗೆ ಕರಗುವುದಿಲ್ಲ. ಎರಡೂ ಒಂದೇ ಎಂದುಕೊಂಡ ಪಾಲಿಶ್ ಕೆಲಸದವರ ಕೈಗೆ ಸಿಕ್ಕಿ ಎಷ್ಟೋ ತೆರೆಗಳು ಕೆಟ್ಟಿವೆ.

ಮೊದಲು ‘ಪೂರ್ಣ ಸೆಟ್’ ವಿಷಯ, ಏಕೆಂದರೆ ಇದನ್ನು ಫೋಟೊದಲ್ಲೇ ಪತ್ತೆಮಾಡಬಹುದಿತ್ತು. ಕಾಂಗ್‌ಶಿ ಚಕ್ರವರ್ತಿಯ ಕಾಲದ (1662–1722) ದೊಡ್ಡ ತೆರೆಗಳಿಗೆ ಸಾಮಾನ್ಯವಾಗಿ ಹನ್ನೆರಡು ಹಲಗೆ. ಹೂದಾನಿ, ಕಂಚಿನ ಪಾತ್ರೆ, ಹೂಗೊಂಚಲುಗಳ ಪಟ್ಟಿ ಪ್ರತಿ ಹಲಗೆಯ ಮೇಲೂ ಕೆಳಗೂ ಓಡುತ್ತದೆ. ಆದರೆ ಲಂಬವಾದ ಪಟ್ಟಿ ಇರುವುದು ಮೊದಲ ಹಲಗೆಯ ಹೊರ ಅಂಚಿನಲ್ಲಿ ಮತ್ತು ಕೊನೆಯ ಹಲಗೆಯ ಹೊರ ಅಂಚಿನಲ್ಲಿ ಮಾತ್ರ. ಈ ತೆರೆಯ ಬಲ ತುದಿಗೆ ಲಂಬ ಪಟ್ಟಿ ಇತ್ತು, ಎಡ ತುದಿಗೆ ಇರಲಿಲ್ಲ. ಎಡ ತುದಿಯ ಪಕ್ಕೆಯಲ್ಲಿ ಬಿಜಾಗರಿಯ ಹಳೆಯ ತೂತುಗಳಿಗೆ ಮರದ ಪುಡಿ ಮೆತ್ತಿ ಕಪ್ಪು ಬಳಿದಿದ್ದರು. ಪೂರ್ಣ ತೆರೆಯ ಹೊರ ಅಂಚುಗಳಲ್ಲಿ ಬಿಜಾಗರಿಗೆ ಕೆಲಸವೇ ಇಲ್ಲ. ಅಲ್ಲಿ ತೂತು ಇದೆಯೆಂದರೆ ಮುಂದೆ ಇನ್ನೂ ಹಲಗೆಗಳಿದ್ದವು. ಚಿತ್ರವೂ ಅದನ್ನೇ ಹೇಳುತ್ತಿತ್ತು. ಟ್ಯಾಂಗ್ ಕಾಲದ ಸೇನಾನಿ ಗುವೊ ಝಿಯಿಯ ಹುಟ್ಟುಹಬ್ಬ ಈ ತೆರೆಗಳ ನೆಚ್ಚಿನ ವಸ್ತು. ಸೇನಾನಿ ನಡುವಿನ ಹಲಗೆಗಳಲ್ಲಿ ಕುಳಿತಿರುತ್ತಾನೆ. ಇಲ್ಲಿ ಕಾಣಿಕೆ ಹೊತ್ತವರೆಲ್ಲ ಎಡಕ್ಕೆ ಮುಖಮಾಡಿ ನಡೆದಿದ್ದರು, ಕಾಣಿಕೆ ಒಪ್ಪಿಸಿಕೊಳ್ಳುವವನೇ ಇರಲಿಲ್ಲ. ಅರ್ಧ ತೆರೆ ಕೊಳ್ಳುವುದರಲ್ಲಿ ತಪ್ಪೇನಿಲ್ಲ, ಕೋಣೆ ಚಿಕ್ಕದಿದ್ದರೆ ಅದೇ ಅನುಕೂಲ. ಅರ್ಧಕ್ಕೆ ಪೂರ್ಣದ ಬೆಲೆ ಕೊಡಬೇಡಿ, ಅಷ್ಟೇ.

ಕಾಲುಗಳನ್ನೂ ಗರಗಸದಿಂದ ಕುಯ್ದಿದ್ದರು. ಆ ಕಾಲದ ದೊಡ್ಡ ತೆರೆಗಳು ಎಂಟು ಅಡಿಗೂ ಎತ್ತರ. ಅಮೆರಿಕದ ಸಾಮಾನ್ಯ ಮನೆಗಳ ಸೀಲಿಂಗ್ ಎಂಟು ಅಡಿ. ಹೊಂದಲಿ ಎಂದು ಯಾರೋ ಹಿಂದಿನ ಮಾಲೀಕರು ಕತ್ತರಿಸಿರುತ್ತಾರೆ. ಕೆಳಪಟ್ಟಿ ಮೇಲಿನ ಪಟ್ಟಿಗಿಂತ ಕಿರಿದಾಗಿದ್ದರೆ, ಕಾಲಿನ ತಳದಲ್ಲಿ ಬಿಳಿಚಿಕೊಂಡ ಹೊಸ ಮರ ಕಂಡರೆ ಅನುಮಾನಪಡಿ. ಹಾಗೆಯೇ ಬೆನ್ನಿನ ಫೋಟೊ ಕೇಳದೆ ಮುಂದುವರಿಯಬೇಡಿ. ಈ ತೆರೆಗಳಿಗೆ ಹಿಂಬದಿಯಲ್ಲೂ ಚಿತ್ರವೋ ಬರಹವೋ ಇರುವುದು ರೂಢಿ. ಯುರೋಪಿನಲ್ಲಿ ಹಲಗೆಯ ದಪ್ಪವನ್ನೇ ಸೀಳಿ ಮುಂಬದಿ ಹಿಂಬದಿ ಬೇರೆಮಾಡಿ ಕಪಾಟುಗಳಿಗೆ ಹೊದಿಸುತ್ತಿದ್ದ ಕಾಲವೊಂದಿತ್ತು. ಹಾಗೆ ಸೀಳಿದ್ದಕ್ಕೆ ಹೊಸ ಪ್ಲೈವುಡ್ ಬೆನ್ನು ಅಂಟಿಸಿ ತೆರೆಯೆಂದು ಮಾರುವುದುಂಟು.

ಇನ್ನು ರಿಸ್ಟೋರೇಷನ್. ಹಸಿ ಸೊನೆ ಬಿಸಿಲಿನಲ್ಲಿ ಒಣಗಿ ಗಟ್ಟಿಯಾಗುವುದಲ್ಲ. ಅದಕ್ಕೆ ಶೇ 70–80ರಷ್ಟು ತೇವವಿರುವ ಬೆಚ್ಚನೆಯ ಗೂಡು ಬೇಕು, ಪದರದಿಂದ ಪದರಕ್ಕೆ ದಿನಗಟ್ಟಲೆ ಕಾಯಬೇಕು. ಗೇರಿನ ಮತ್ತು ಮಾವಿನ ಕುಟುಂಬಕ್ಕೇ ಸೇರಿದ ಮರವದು, ಅಮೆರಿಕದ ಪಾಯ್ಸನ್ ಐವಿ ಎಂಬ ವಿಷಬಳ್ಳಿಯ ನೆಂಟ. ಹಸಿಯಾಗಿ ತಾಗಿದರೆ ಚರ್ಮದ ಮೇಲೆ ಗುಳ್ಳೆ ಏಳುತ್ತವೆ. ಇಷ್ಟು ರಗಳೆ ಯಾರಿಗೆ ಬೇಕು? ಪೀಠೋಪಕರಣದ ಅಂಗಡಿಯಲ್ಲಿ ಸ್ಪ್ರೇ ಗನ್ ಹಿಡಿದು ಪಾಲಿಯುರೆಥೇನ್ ಹೊಡೆದರೆ ಅರ್ಧ ದಿನದಲ್ಲಿ ಕನ್ನಡಿಯಂಥ ಹೊಳಪು ಬರುತ್ತದೆ. ಇಲ್ಲಿ ಆದದ್ದೂ ಅದೇ. ಹಳೆಯ ಲ್ಯಾಕರ್ ಬೆಳಕಿಗೆ ಸವೆದು ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳಿಂದ ದುರ್ಬಲವಾಗಿರುತ್ತದೆ. ಅದರ ಮೇಲೆ ಬಿಗಿಯಾದ ಪ್ಲಾಸ್ಟಿಕ್ ಪೊರೆ ಕೂತರೆ, ಕೆಳಗಿನ ಮರ ಕದಲಿದಾಗ ಆ ಪೊರೆ ಲ್ಯಾಕರನ್ನೂ ಗಾರೆಯನ್ನೂ ಕಿತ್ತುಕೊಂಡೇ ಏಳುತ್ತದೆ. ಮೇಲಾಗಿ ಅದನ್ನು ತೆಗೆಯುವ ದಾರಿಯಿಲ್ಲ ಎಂದರೂ ಸರಿ: ಪಾಲಿಯುರೆಥೇನನ್ನು ಸಡಿಲಿಸುವಷ್ಟು ತೀಕ್ಷ್ಣವಾದ ದ್ರಾವಕ ತಗ್ಗುಗಳಲ್ಲಿನ ಬಣ್ಣವನ್ನು ಮೊದಲೇ ತಿಂದುಹಾಕುತ್ತದೆ. ಉಜ್ಜಿ ತೆಗೆಯುವ ಯೋಚನೆಯನ್ನೂ ಬಿಡಿ, ಲ್ಯಾಕರಿನ ಧೂಳು ಕೆಲವರ ಚರ್ಮಕ್ಕೆ ಆಗುವುದಿಲ್ಲ.

ಇದನ್ನು ಗುರುತಿಸುವುದು ಕಷ್ಟವಲ್ಲ. ಕೆತ್ತನೆಯ ಒಂದು ಅಂಗೈ ಅಗಲದ ಜಾಗದ ಹತ್ತಿರದ ಫೋಟೊ ಕೇಳಿ. ಮೂಲ ಕೆಲಸದಲ್ಲಿ ಕಪ್ಪು ಗೆರೆಯ ಅಂಚು ಚೂಪಾಗಿರುತ್ತದೆ, ಕೊರೆದ ಗೋಡೆಯಲ್ಲಿ ಬೂದು ಬಿಳುಪಿನ ಗಾರೆ ಇಣುಕುತ್ತದೆ, ತಗ್ಗಿನ ಬಣ್ಣಕ್ಕೆ ಹೊಳಪಿರುವುದಿಲ್ಲ. ಗೆರೆಯೂ ತಗ್ಗೂ ಒಂದೇ ಸಮ ಹೊಳೆಯುತ್ತಿದ್ದರೆ, ಮೂಲೆಗಳಲ್ಲಿ ದ್ರವ ನಿಂತು ದುಂಡಗಾಗಿದ್ದರೆ ಮೇಲೆ ಏನೋ ಹೊಡೆದಿದ್ದಾರೆ. ಎದುರಿಗೇ ನೋಡುವ ಅವಕಾಶವಿದ್ದರೆ ಕತ್ತಲಲ್ಲಿ ಯುವಿ ಟಾರ್ಚ್ ಬಿಡಿ; ಒಂದೇ ಹಲಗೆಯಲ್ಲಿ ಬೇರೆ ಬೇರೆ ಬಣ್ಣದ ತೇಪೆಗಳು ಹೊಳೆದರೆ ಅವು ರಿಪೇರಿಯಿರಬಹುದು. ಅರಗಿನ ಪಾಲಿಶ್ ಕಿತ್ತಳೆಯಾಗಿ ಬೆಳಗುತ್ತದೆ. ಸಾಮಾನ್ಯ ಟಾರ್ಚನ್ನು ಹಲಗೆಗೆ ಸಮಾನಾಂತರವಾಗಿ, ಪಕ್ಕದಿಂದ ಹಿಡಿದರೆ ಎದ್ದಿರುವ ಜಾಗಗಳ ನೆರಳು ಕಾಣುತ್ತದೆ. ಒತ್ತಿ ನೋಡಬೇಡಿ.

ಜನವರಿಯಲ್ಲೇ ಉದುರಲು ಕಾರಣ ಹೀಟಿಂಗ್. ಸೊನ್ನೆಗಿಂತ ಐದು ಡಿಗ್ರಿ ಕೆಳಗಿರುವ ಹೊರಗಾಳಿಯನ್ನು ಒಳಗೆ 21 ಡಿಗ್ರಿಗೆ ಕಾಯಿಸಿದರೆ ಅದರ ತೇವಾಂಶ ಶೇ 20ಕ್ಕಿಂತ ಕೆಳಗಿಳಿಯುತ್ತದೆ. ಮರ ಉದ್ದಕ್ಕೆ ಕುಗ್ಗುವುದು ಅತ್ಯಲ್ಪ, ಅಡ್ಡಕ್ಕೆ ಕುಗ್ಗುತ್ತದೆ. ಶೇ 50ರಷ್ಟು ತೇವಾಂಶವಿದ್ದ ಕೋಣೆಯಿಂದ ಅಷ್ಟು ಒಣ ಕೋಣೆಗೆ ಬಂದ 45 ಸೆಂ.ಮೀ. ಅಗಲದ ಹಲಗೆ 2ರಿಂದ 5 ಮಿ.ಮೀ. ಕಿರಿದಾಗಬಹುದು. ಗಾರೆ ಹಾಗೆ ಕುಗ್ಗುವುದಿಲ್ಲ. ಜಾಗ ಸಾಲದೆ ಮರದ ಎಳೆಯ ಗುಂಟ ಮೇಲಿಂದ ಕೆಳಗೆ ಉದ್ದುದ್ದ ಏಣುಗಳಾಗಿ ಎದ್ದು ನಿಲ್ಲುತ್ತದೆ, ಕೈ ತಾಗಿದರೆ ಮುರಿಯುತ್ತದೆ. ಈ ಮನೆಯಲ್ಲಿ ತೆರೆ ನಿಂತಿದ್ದು ನೆಲದ ಬಿಸಿಗಾಳಿ ಕಿಂಡಿಯ ಪಕ್ಕದಲ್ಲೇ.

ಆಮೇಲೆ ಆದ ಎರಡು ಕೆಲಸಗಳು ಹಾನಿಯನ್ನು ಹೆಚ್ಚಿಸಿದವು. ಮನೆ ಶುಚಿಮಾಡುವವರು ಒದ್ದೆ ಬಟ್ಟೆಯಿಂದ ಒರೆಸಿದರು. ಬೆಳಕಿಗೆ ಹಳಸಿದ ಲ್ಯಾಕರ್ ನೀರು ತಾಗಿದರೆ ಬೆಳ್ಳಗೆ ಮಂಕಾಗುತ್ತದೆ; ಸ್ಪ್ರೇ ತಲುಪದ ಹಿಂಬದಿಯಲ್ಲಿ ಹಾಗೇ ಆಯಿತು, ಅಂಟಿನಲ್ಲಿ ಕಲಸಿದ ಬಿಳಿ ಮತ್ತು ಗುಲಾಬಿ ಬಣ್ಣ ಬಟ್ಟೆಗೇ ಬಂತು. ಬಳಿಕ ಬಡಗಿಯೊಬ್ಬರು ಎದ್ದ ಏಣುಗಳಿಗೆ ಸೂಪರ್ ಗ್ಲೂ ಬಿಟ್ಟು ಕ್ಲಾಂಪ್ ಬಿಗಿದರು. ಗಾರೆ ಪುಡಿಯಾಯಿತು, ಅಂಟು ಹರಡಿದ ಜಾಗದಲ್ಲಿ ಇನ್ನು ಸರಿಯಾದ ಅಂಟು ಒಳಗಿಳಿಯುವ ದಾರಿ ಮುಚ್ಚಿತು.

ನಿಮ್ಮ ತೆರೆ ಈಗಾಗಲೇ ಚಕ್ಕೆ ಬಿಡುತ್ತಿದ್ದರೆ ಒರೆಸುವುದನ್ನು, ಮಡಿಸುವುದನ್ನು ಇವತ್ತೇ ನಿಲ್ಲಿಸಿ. ಬಿದ್ದ ಚಕ್ಕೆಯನ್ನು ಗುಡಿಸಿ ಎಸೆಯಬೇಡಿ. ಹಲಗೆಯ ಸಂಖ್ಯೆ, ಎತ್ತರ ಬರೆದ ಲಕೋಟೆಗಳಲ್ಲಿ ಇಡಿ, ಫೋಟೊ ತೆಗೆಯಿರಿ. ಬಿಜಾಗರಿಯ ಸಲಾಕೆ ಎಳೆದು ಹಲಗೆಗಳನ್ನು ಬಿಡಿಸಿ, ಹೆಚ್ಚು ಎದ್ದಿರುವ ಮುಖ ಮೇಲಾಗಿ ಮಲಗಿಸಿ. ಹಿಂಬದಿಯೂ ಎದ್ದಿದ್ದರೆ ಆ ಹಲಗೆಯನ್ನು ನಿಂತಲ್ಲೇ ಬಿಡಿ. ಬಬಲ್ ರ‍್ಯಾಪನ್ನು ನೇರವಾಗಿ ಲ್ಯಾಕರಿಗೆ ಸುತ್ತಬೇಡಿ, ಗುಳ್ಳೆಗಳ ಗುರುತು ಹಾಗೇ ಕೂರುತ್ತದೆ. ಒಳಗೆ ಆಮ್ಲರಹಿತ ಟಿಶ್ಯೂ ಕಾಗದ ಬೇಕು. ಹ್ಯೂಮಿಡಿಫೈಯರ್ ತಂದು ಒಮ್ಮೆಗೇ ತೇವ ಏರಿಸಿದರೂ ಅಪಾಯ, ಏರಿಕೆ ವಾರಗಟ್ಟಲೆ ನಿಧಾನವಾಗಿರಲಿ. ಚಳಿ ಊರಿನ ಮನೆಯಲ್ಲಿ ವರ್ಷವಿಡೀ ಶೇ 40–50ರ ಒಳಗೆ ಹೆಚ್ಚು ಏರಿಳಿತವಿಲ್ಲದೆ ಇದ್ದರೆ ಸಾಕು. ಬೆಳಕು 50 ಲಕ್ಸ್ ಮೀರಬಾರದು, ಅಂದರೆ ಕಿಟಕಿಯ ಎದುರು ನಿಲ್ಲಿಸುವ ಮಾತೇ ಇಲ್ಲ. ಅಮೆರಿಕದಲ್ಲಿರುವವರು ಅಮೆರಿಕನ್ ಇನ್‌ಸ್ಟಿಟ್ಯೂಟ್ ಫಾರ್ ಕನ್ಸರ್ವೇಷನ್‌ನ ಪಟ್ಟಿಯಲ್ಲಿ ಏಷ್ಯಾದ ಲ್ಯಾಕರ್ ಕೆಲಸ ಬಲ್ಲವರನ್ನು ಹುಡುಕಿ. ‘ಫರ್ನಿಚರ್ ರಿಫಿನಿಷಿಂಗ್’ ಎಂದು ಬೋರ್ಡು ಹಾಕಿಕೊಂಡವರ ಬಳಿ ಒಯ್ಯಬೇಡಿ.

ಅಡ್ಡ ನಿಲ್ಲಿಸುವಾಗ ಹಲಗೆಗಳು ಅಂಕುಡೊಂಕಾಗಿ ಮಡಚಿಯೇ ಇರಬೇಕು. ನೆಟ್ಟಗೆ ಬಿಚ್ಚಿದರೆ ಮಗುವಿನ ಕೈ ತಾಗಿದರೂ ಉರುಳಬಹುದು. ಹಲಗೆಗಳ ನಡುವಿನ ಕೋನ ಸುಮಾರು 90 ಡಿಗ್ರಿ ಇದ್ದರೆ ಒಟ್ಟು ಅಗಲದ ಶೇ 70ರಷ್ಟು ಜಾಗವನ್ನಷ್ಟೇ ತೆರೆ ಮುಚ್ಚುತ್ತದೆ, ಅಳತೆ ಹಾಕುವಾಗ ಇದು ನೆನಪಿರಲಿ.

ಕೊಳ್ಳುವ ಮೊದಲು ಮಾರುವವರಿಂದ ಬರಹದಲ್ಲಿ ಪಡೆಯಬೇಕಾದದ್ದು: ಹಲಗೆಗಳ ಮೂಲ ಸಂಖ್ಯೆ, ಕಾಲು ಕತ್ತರಿಸಿದ್ದಾರೆಯೇ, ಮೇಲ್ಮೈಗೆ ಹಚ್ಚಿರುವ ವಸ್ತುವಿನ ಹೆಸರು, ಮಾಡಿದವರು ಯಾರು, ದಂತ ಅಥವಾ ಆಮೆಚಿಪ್ಪು ಕೂರಿಸಿದೆಯೇ. ಕೊನೆಯದನ್ನು ಸಡಿಲ ಬಿಡಬೇಡಿ. ನ್ಯೂಜೆರ್ಸಿಯಲ್ಲಿ ದಂತದ ಮಾರಾಟಕ್ಕೆ 2014ರ ಕಾನೂನಿನಡಿ ನಿಷೇಧವಿದೆ. ಮುಂದೆ ಊರಿಗೆ ಮರಳುವಾಗ ತೆರೆಯನ್ನೂ ತರುವ ಯೋಚನೆಯಿದ್ದರೆ, ದಂತವಿರುವ ವಸ್ತು ಭಾರತದ ವನ್ಯಜೀವಿ ಕಾಯ್ದೆಯಡಿ ಕಸ್ಟಮ್ಸ್‌ನಲ್ಲಿ ಸಿಕ್ಕಿಬೀಳುತ್ತದೆ. ‘ವೃತ್ತಿಪರರಿಂದ ರಿಸ್ಟೋರ್ ಆಗಿದೆ’ ಎಂದು ಬರೆದವರು ಹಚ್ಚಿದ್ದು ಏನೆಂದು ಹೇಳಲು ಒಪ್ಪದಿದ್ದರೆ ಆ ತೆರೆಯನ್ನು ಬಿಟ್ಟುಬಿಡಿ. ಬಣ್ಣ ಮಾಸಿ, ಅಲ್ಲಲ್ಲಿ ಚಕ್ಕೆ ಹೋಗಿ, ಯಾರೂ ಕೈಹಾಕದೆ ಉಳಿದಿರುವ ತೆರೆ ಅದಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ, ಅದನ್ನು ಬಲ್ಲವರು ಉಳಿಸಿಕೊಡಬಲ್ಲರು.